ರೇಸ್‌ಗೆ ಇಳಿಯಬೇಕಾ? ಮೊದಲು ಬ್ರೇಕ್ ಆಯಿಲ್ ಬದಲಾಯಿಸಿ

ಕ್ಲಬ್ ರೇಸಿಂಗ್, ಅಂದರೆ ಕ್ಲಬ್‌ಗಳು ನಡೆಸುವ ಹವ್ಯಾಸಿ ಕಾರ್ ರೇಸ್ ಶುರು ಮಾಡಬೇಕು ಅನ್ನುವವರು ಮೊದಲು ಕೇಳುವುದು ಇಂಜಿನ್ ಬಗ್ಗೆ. ಎಷ್ಟು ಹಾರ್ಸ್‌ಪವರ್ ಬೇಕು, ಯಾವ ಎಕ್ಸಾಸ್ಟ್ ಹಾಕಿಸಲಿ, ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಲಾ ಅಂತ. ನಾನು ಎಲ್ಲರಿಗೂ ಹೇಳುವುದು ಒಂದೇ. ಇಂಜಿನ್ ಮುಟ್ಟಬೇಡಿ. ಈಗಿರುವ ಕಾರೇ ಸಾಕು. ಬ್ರೇಕ್, ಟೈರು, ಹೆಲ್ಮೆಟ್ ಇವು ಮೂರನ್ನು ಸರಿ ಮಾಡಿಕೊಂಡು ಉಳಿದ ದುಡ್ಡನ್ನೆಲ್ಲ ಓಡಿಸುವುದಕ್ಕೇ ಇಡಿ.

ಬ್ರೇಕ್ ಯಾಕೆ ಮೊದಲು ಅಂದರೆ, ದಿನನಿತ್ಯ ರಸ್ತೆಯಲ್ಲಿ ಓಡಾಡುವಾಗ ಅದಕ್ಕೆ ತಣ್ಣಗಾಗಲು ಬೇಕಾದಷ್ಟು ಹೊತ್ತು ಸಿಗುತ್ತದೆ, ಟ್ರ್ಯಾಕ್‌ನಲ್ಲಿ ಸಿಗುವುದಿಲ್ಲ. ವೇಗ ಗಂಟೆಗೆ 100 ಕಿ.ಮೀ. ಇದ್ದದ್ದು 140 ಆದರೆ, ಕಾರು ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. ಅದೆಲ್ಲ ಶಾಖವಾಗಿ ಡಿಸ್ಕ್, ಪ್ಯಾಡ್, ಪ್ಯಾಡ್ ಒತ್ತುವ ಕ್ಯಾಲಿಪರ್ ದಾಟಿ ಬ್ರೇಕ್ ಆಯಿಲ್‌ಗೆ ಬರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ಮಾನದಂಡ ಇದೆ. ಆದರೆ ಅದು ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ತೇವ ಹಿಡಿದ ಆಯಿಲ್‌ಗೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಅದಕ್ಕೇ ಮೊದಲು ಹೊಸ ಆಯಿಲ್ ಹಾಕಿಸಿ ಅನ್ನುವುದು. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತವೆ, ನೀವು ತುಳಿದದ್ದು ಗುಳ್ಳೆಗಳನ್ನು ಅದುಮುವುದಕ್ಕೇ ಖರ್ಚಾಗಿ ಪೆಡಲ್ ಮೆತ್ತಗೆ ಕೆಳಗೆ ಹೋಗಿಬಿಡುತ್ತದೆ. ಪೆಡಲ್ ಗಟ್ಟಿಯಾಗೇ ಇದ್ದು ಕಾರು ನಿಲ್ಲುತ್ತಿಲ್ಲ ಅಂದರೆ ಅದು ಬೇರೆ ಕಥೆ, ಪ್ಯಾಡ್ ಸುಟ್ಟಿದೆ ಅಂತ ಅರ್ಥ. ಕಾಲಿಗೆ ಈ ಎರಡರ ವ್ಯತ್ಯಾಸ ಗೊತ್ತಾಗಬೇಕು. ಎರಡರಲ್ಲಿ ಯಾವುದೇ ಆದರೂ ನಿಧಾನ ಮಾಡಿ, ಬ್ರೇಕ್ ಆದಷ್ಟು ಕಡಿಮೆ ಹಿಡಿದು ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗ) ಬನ್ನಿ. ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರ್‌ನಲ್ಲಿ ನಿಲ್ಲಿಸಿ.

ಹೆಲ್ಮೆಟ್ ವಿಷಯದಲ್ಲಿ ಬೈಕ್‌ದು ಸಾಕು ಅಲ್ವಾ ಅಂತ ಕೇಳುತ್ತಾರೆ. ಕೆಲವು ಕಡೆ ಬಿಡುತ್ತಾರೆ, ಆದರೂ ನಾನು ಹೇಳುವುದು ಬೇಡ ಅಂತಲೇ. ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ಗುರುತಿರುವ ಹೆಲ್ಮೆಟ್‌ಗೆ ಬೆಂಕಿಯ ಪರೀಕ್ಷೆ ಮಾಡಿರುತ್ತಾರೆ, ರೇಸ್ ಕಾರಿನೊಳಗೆ ರಕ್ಷಣೆಗೆ ಕೂರಿಸಿದ ಕಬ್ಬಿಣದ ಪೈಪುಗಳ ಕೇಜ್‌ಗೆ ತಲೆ ಬಡಿದರೆ ಏನಾಗುತ್ತದೆ ಅನ್ನುವುದನ್ನೂ ನೋಡಿರುತ್ತಾರೆ. ಬೈಕಿನ ಎಂ ಗುರುತಿಗೆ ಈ ಎರಡೂ ಇಲ್ಲ.

ಶುರು ಮಾಡಲು ಆಟೋಕ್ರಾಸ್‌ಗಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಖಾಲಿ ಮೈದಾನದಲ್ಲಿ ಕೋನ್ ಇಟ್ಟಿರುತ್ತಾರೆ, ಒಬ್ಬೊಬ್ಬರೇ ಓಡಿಸುತ್ತಾರೆ, ಎಷ್ಟು ಸಮಯ ಹಿಡಿಯಿತು ಅನ್ನುವುದೇ ಲೆಕ್ಕ, ಬಹುಪಾಲು ಎರಡನೇ ಗೇರ್‌ನಲ್ಲೇ ಮುಗಿಯುತ್ತದೆ. ಕೋನ್ ಬಿದ್ದರೆ ಸಮಯಕ್ಕೆ ಸೆಕೆಂಡು ಸೇರುತ್ತದೆ, ಅಷ್ಟೇ. ಓಡಿಸುವ ಮೊದಲು ದಾರಿಯನ್ನು ನಡೆದು ನೋಡಲು ಬಿಡುತ್ತಾರೆ. ಅನುಭವಸ್ಥರು ಅಲ್ಲಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುವುದು ಕಾಣಿಸುತ್ತದೆ, ಯಾಕಂದರೆ ನಿಂತಾಗ ಚೆನ್ನಾಗಿ ಕಾಣುವ ದಾರಿ ಡ್ರೈವರ್ ಸೀಟಿನ ಎತ್ತರದಿಂದ ಬರೀ ಕೋನ್‌ಗಳ ಗುಂಪಾಗಿ ಕಾಣುತ್ತದೆ. ನೀವೂ ಕೂತು ನೋಡಿ. ಇನ್ನೊಂದು ಕೆಲಸ ಅಂದರೆ, ಟೈರು ನೆಲ ಮುಟ್ಟುವ ಭಾಗದ ಅಂಚಿನಿಂದ ಅದರ ಪಕ್ಕೆಯ (ಸೈಡ್‌ವಾಲ್) ತನಕ ಸೀಮೆಸುಣ್ಣದಲ್ಲಿ ಗೆರೆ ಎಳೆದು ಓಡಿಸಿ ಬನ್ನಿ. ಗೆರೆ ಪಕ್ಕೆಯ ಮೇಲೂ ತುಂಬಾ ಅಳಿಸಿದ್ದರೆ ಟೈರು ಮಗುಚಿಕೊಳ್ಳುತ್ತಿದೆ, ಗಾಳಿ ಕಡಿಮೆಯಾಗಿದೆ. ಅಂಚಿನ ತನಕವೂ ಅಳಿಸಿಲ್ಲ ಅಂದರೆ ಗಾಳಿ ಜಾಸ್ತಿ.

ಅದಾದ ಮೇಲೆ ಟ್ರ್ಯಾಕ್ ಡೇ, ಅಂದರೆ ರೇಸ್ ಇಲ್ಲದೆ ನಿಮ್ಮದೇ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂರುವ ದಿನವನ್ನೇ ಆರಿಸಿಕೊಳ್ಳಿ. ಅವರು ದಿನವಿಡೀ ಹೇಳುವುದು ಮುಂದೆ ನೋಡು, ಇನ್ನೂ ಮುಂದೆ ನೋಡು ಅಂತಲೇ ಇರುತ್ತದೆ. ಕಣ್ಣು ಹೋದ ಕಡೆ ಕೈ ಹೋಗುತ್ತದೆ. ತಿರುವಿಗೆ ನಿಧಾನವಾಗಿ ಹೋಗಿ ಬೇಗ ಹೊರಬರುವುದನ್ನು ಮೊದಲು ಕಲಿಯಿರಿ, ಅದರಲ್ಲೂ ಉದ್ದನೆಯ ನೇರ ದಾರಿಗೆ ಮುಂಚಿನ ತಿರುವಿನ ಮೇಲೆ ಗಮನ ಇಡಿ. ಅಲ್ಲಿಂದ ಹೊರಬಂದ ವೇಗ ಆ ದಾರಿ ಪೂರ್ತಿ ನಿಮ್ಮ ಜೊತೆ ಇರುತ್ತದೆ.

ಬಾವುಟ ತೋರಿಸುವ ಮಾರ್ಷಲ್ ಆಗಿ ಒಂದು ದಿನ ತಿರುವಿನಲ್ಲಿ ನಿಲ್ಲಿ ಅಂತ ಹೊಸಬರಿಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಕ್ಲಬ್‌ಗಳಿಗೆ ಯಾವಾಗಲೂ ಜನ ಬೇಕು. ಹಳದಿ ಬಾವುಟ ಬಂದರೆ ಓವರ್‌ಟೇಕ್ ಇಲ್ಲ, ನೀಲಿ ಬಂದರೆ ಹಿಂದೆ ವೇಗದ ಕಾರಿದೆ, ಕಪ್ಪು ಬಂದರೆ ಪಿಟ್‌ಗೆ ಬಾ, ಇವೆಲ್ಲ ಪುಸ್ತಕದಲ್ಲೂ ಸಿಗುತ್ತವೆ. ಆದರೆ ಒಳ್ಳೆ ಡ್ರೈವರ್ ಎಲ್ಲಿ ಬ್ರೇಕ್ ಬಿಡುತ್ತಾನೆ, ಎಷ್ಟು ಕಡಿಮೆ ಸ್ಟಿಯರಿಂಗ್ ತಿರುಗಿಸುತ್ತಾನೆ ಅನ್ನುವುದನ್ನು ಇಷ್ಟು ಹತ್ತಿರದಿಂದ ತೋರಿಸುವ ಜಾಗ ಬೇರೆ ಇಲ್ಲ.

ರೇಸ್‌ಗೇ ಇಳಿಯುತ್ತೀರಿ ಅಂತಾದಾಗ ಕೇಜ್, ಹಾರ್ನೆಸ್ (ರೇಸಿಂಗ್ ಸೀಟ್ ಬೆಲ್ಟ್), ಕುತ್ತಿಗೆ ಕಾಯುವ ಹ್ಯಾನ್ಸ್, ಲೈಸೆನ್ಸ್ ಎಲ್ಲ ಬರುತ್ತವೆ. ಆಗ ಕಾರನ್ನು ಸುಮ್ನೆ ಸೊನ್ನೆಯಿಂದ ಕಟ್ಟಲು ಹೋಗಬೇಡಿ, ಯಾರೋ ಕಟ್ಟಿ ಓಡಿಸಿ ಮಾರುತ್ತಿರುವುದು ಸಾಮಾನ್ಯವಾಗಿ ಅಗ್ಗ. 1989ರಿಂದ ಬರುತ್ತಿರುವ ಮಜ್ದಾ ಎಂಎಕ್ಸ್-5ನಂಥ ಹಗುರ ಕಾರು ಕ್ಲಬ್ ರೇಸಿಂಗ್‌ನಲ್ಲಿ ಇಷ್ಟೊಂದು ಕಾಣುವುದಕ್ಕೆ ಕಾರಣ ಇದೆ. ಪವರ್ ಕಡಿಮೆ, ಟೈರು ಬೇಗ ಸವೆಯುವುದಿಲ್ಲ, ಬಿಡಿಭಾಗ ಸಿಗುತ್ತವೆ. ಕೊಳ್ಳುವ ಮೊದಲು ಲಾಗ್‌ಬುಕ್ (ಕಾರಿನ ರೇಸ್, ತಪಾಸಣೆಗಳ ದಾಖಲೆ) ಕೇಳಿ, ಕೇಜ್‌ನ ವೆಲ್ಡಿಂಗ್ ನೋಡಿ, ಆ ಕಾರು ಸೇರುವ ಕ್ಲಾಸ್‌ನಲ್ಲಿ ನಿಮ್ಮ ಕ್ಲಬ್‌ಗೆ ಈಗಲೂ ಸಾಕಷ್ಟು ಜನ ಬರುತ್ತಾರಾ ಅಂತ ವಿಚಾರಿಸಿಕೊಳ್ಳಿ.