ನೂರು ಎಕರೆಗೆ ಒಂದು ಇಂಚು

ದುಬೈಗೆ ಹೋಗುವ ನಮ್ಮ ಕಡೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದುಬೈ ಮಾಲ್‌ನಲ್ಲಿರುವ ಅಕ್ವೇರಿಯಂನ ದೊಡ್ಡ ತೊಟ್ಟಿ ನೋಡಲು ಟಿಕೆಟ್ ಬೇಕಾಗಿಲ್ಲ. ಅಂಗಡಿಗಳ ಮಧ್ಯೆಯೇ ಇದೆ, ಎದುರಿಗೆ ನಿಂತು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ದುಡ್ಡು ಕೊಡಬೇಕಾಗಿರುವುದು ತೊಟ್ಟಿಯೊಳಗಿನ ಸುರಂಗಕ್ಕೆ ಮತ್ತು ಮೇಲಿರುವ ಅಂಡರ್‌ವಾಟರ್ ಝೂಗೆ. ಜನ ಮಾತ್ರ ಈ ಪುಕ್ಕಟೆ ನೋಟದ ಮುಂದೆ ಎರಡು ಸೆಲ್ಫಿ ತೆಗೆದುಕೊಂಡು ಕ್ಯೂ ಕಡೆ ಓಡುತ್ತಾರೆ.

ನಾವು ಓಡಲಿಲ್ಲ. ಓಡಲು ಮಾವ ಬಿಡಲಿಲ್ಲ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ರೊಬಸ್ಟಾ ಕಾಫಿ ತೋಟ. ಕೊಯ್ಲು ಮುಗಿದಿತ್ತು, ಮೈದುನ ಬಹಳ ದಿನದಿಂದ ಕರೆಯುತ್ತಿದ್ದ ಅಂತ ಮಾರ್ಚ್‌ನಲ್ಲಿ ಹೊರಟೆವು. ಮಾವನಿಗೆ ಆ ಸಮಯ ಸ್ವಲ್ಪವೂ ಹಿಡಿಸಿರಲಿಲ್ಲ. ಕಾಫಿ ಹೂ ಅರಳಿಸುವ ಹೂ ಮಳೆ ಬರುವ ಹೊತ್ತಿಗೆ ಯಾರಾದರೂ ತೋಟ ಬಿಟ್ಟು ಹೋಗ್ತಾರಾ? ವಿಮಾನ ಇಳಿದ ತಕ್ಷಣ ಊರಿಗೆ ಫೋನ್: "ಮೋಡ ಕಟ್ಟಿದೆಯಾ?" ಕೊಡಗಿನಲ್ಲಿ ಮಳೆ ಅಂದರೆ ಇಂಚು, ಸೆಂಟ್‌ಗಳ ಲೆಕ್ಕ; ನೂರು ಸೆಂಟ್ ಸೇರಿದರೆ ಒಂದು ಇಂಚು. ಪಕ್ಕದ ತೋಟಕ್ಕೆ ಎಂಬತ್ತು ಸೆಂಟ್ ಬಿದ್ದು ನಮಗೆ ಇಪ್ಪತ್ತೇ ಬಿದ್ದರೆ ಆವತ್ತು ಮನೆಯಲ್ಲಿ ಊಟದ ಹೊತ್ತಿಗೂ ಮಾತಿರುವುದಿಲ್ಲ.

ಇಂಥವರನ್ನು ಆ ತೊಟ್ಟಿಯ ಮುಂದೆ ನಿಲ್ಲಿಸಿ, ಇದರಲ್ಲಿ ಒಂದು ಕೋಟಿ ಲೀಟರ್ ನೀರಿದೆ ಅಂತ ಮೈದುನ ಹೇಳಿದ. ಮಾವ ಮೀನು ನೋಡಲೇ ಇಲ್ಲ. ಬೆರಳು ಮಡಚುತ್ತಾ ನಿಂತರು.

"ಎಕರೆಗೆ ಒಂದಿಂಚು ಮಳೆ ಅಂದ್ರೆ ಒಂದು ಲಕ್ಷ ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಹಾಗಾದ್ರೆ ಇದು ಹತ್ತಿರ ಹತ್ತಿರ ನೂರು ಎಕರೆಗೆ ಒಂದಿಂಚು, ನೋಡಮ್ಮ."

"ಉಪ್ಪು ನೀರು ಮಾವ."

"ಅದೊಂದೇ ತೊಂದ್ರೆ" ಅಂದರು.

ಆಮೇಲೆ ನಾನೂ ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಎಕರೆಗೆ ಒಂದು ಲಕ್ಷದ ಮೂರು ಸಾವಿರ ಲೀಟರ್ ಅಂತ ಹಿಡಿದರೆ 97 ಎಕರೆ ಬರುತ್ತದೆ. ಮಾವ ಹೇಳಿದ್ದು ಸರಿಯೇ ಇತ್ತು.

ಅಷ್ಟು ನೀರನ್ನು ತಡೆದು ನಿಲ್ಲಿಸಿರುವುದು ಗಾಜು ಅಲ್ಲ, ಅಕ್ರಿಲಿಕ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್. ಅಗಲ 32.88 ಮೀಟರ್, ಎತ್ತರ 8.3 ಮೀಟರ್, ದಪ್ಪ 75 ಸೆಂಟಿಮೀಟರ್. 2008ರಲ್ಲಿ ಮಾಲ್ ಶುರುವಾದಾಗ ಅಷ್ಟು ದೊಡ್ಡ ಅಕ್ರಿಲಿಕ್ ಹಲಗೆ ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ, ಗಿನ್ನೆಸ್ ದಾಖಲೆಗೂ ಸೇರಿತ್ತು. ಆಮೇಲೆ ಚೀನಾದವರು ಅದನ್ನು ಮೀರಿಸಿದರು. ಗಾಜು ಇಷ್ಟು ದಪ್ಪ ಇದ್ದರೆ ಹಸಿರು ಬಣ್ಣ ಬಂದು ಒಳಗಿನದು ಮಂಕಾಗುತ್ತದೆ. ಅಕ್ರಿಲಿಕ್ ಹಾಗಲ್ಲ, ತುಂಡುಗಳನ್ನು ಜೋಡಿಸಿದರೂ ಬೆಸುಗೆ ಕಾಣುವುದಿಲ್ಲ. ತಳದ ಹತ್ತಿರ ಒಂದೊಂದು ಚದರ ಮೀಟರ್ ಮೇಲೆ ಸುಮಾರು ಎಂಟು ಟನ್ ಒತ್ತಡ ಇರುತ್ತದೆ. ಮೈದುನನ ಮಗಳು ಅದಕ್ಕೇ ಕೆನ್ನೆ ಒತ್ತಿಕೊಂಡು ನಿಂತಿದ್ದಳು.

ಎಲ್ಲರೂ ಶಾರ್ಕ್ ಅಂತಾರೆ, ನನ್ನನ್ನು ಹಿಡಿದು ನಿಲ್ಲಿಸಿದ್ದು ತಿರಂಡಿ, ಅಂದರೆ ಚಪ್ಪಟೆ ಮೈಯ ತೊರಕೆ ಮೀನು. ನೆಲದ ಮರಳಿನಿಂದ ಎದ್ದು ನೇರವಾಗಿ ನಮ್ಮ ಕಡೆ ಬಂತು. ಇನ್ನೇನು ಡಿಕ್ಕಿ ಹೊಡೆಯಿತು ಅನ್ನುವಾಗ ಅಕ್ರಿಲಿಕ್‌ಗೆ ಹೊಟ್ಟೆ ಒತ್ತಿ ಮೇಲಕ್ಕೆ ಹತ್ತತೊಡಗಿತು. ಹೊಟ್ಟೆ ಬೆಳ್ಳಗೆ, ಅಕ್ಕಿ ರೊಟ್ಟಿ ಥರ. ಅದರಲ್ಲಿ ಎರಡು ಕಣ್ಣು, ನಗುವ ಬಾಯಿ. "ದೊಡ್ಡಮ್ಮ, ಸ್ಮೈಲ್ ಮಾಡ್ತಿದೆ!" ಅಂತ ಮಗು ಕಿರುಚಿತು. ಕಣ್ಣು ಅಂದುಕೊಂಡದ್ದು ಮೂಗಿನ ಹೊಳ್ಳೆಗಳು, ನಿಜವಾದ ಕಣ್ಣು ಬೆನ್ನಿನ ಕಡೆ ಇರುತ್ತದೆ. ಬಾಯಿಯ ಕೆಳಗೆ ಎರಡೂ ಬದಿಗೆ ಐದೈದು ಸೀಳು. ಅವು ತೆರೆದು ಮುಚ್ಚುವುದನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದರೆ ನಮ್ಮ ಉಸಿರೂ ಅದೇ ಲಯಕ್ಕೆ ಬರುತ್ತದೆ.

ನಾವು ಹೊಳೆ, ಗದ್ದೆ ಪಕ್ಕ ಬೆಳೆದವರು. ಮೀನು ಗೊತ್ತಿಲ್ಲದವರಲ್ಲ. ಮಳೆಗಾಲದಲ್ಲಿ ಗದ್ದೆಗೆ ಮೀನು ಹತ್ತುವಾಗ ಬಿದಿರಿನ ಕೂಣಿ ಇಟ್ಟು ಹಿಡಿದಿದ್ದೇವೆ. ರಾಮನಾಥಪುರಕ್ಕೆ ಹೋದಾಗ ಕಾವೇರಿಗೆ ಪುರಿ ಎಸೆದು ದೇವರ ಮೀನು ಮುತ್ತುವುದನ್ನು ನೋಡಿದ್ದೇವೆ. ಆದರೆ ಯಾವಾಗಲೂ ಮೇಲಿನಿಂದಲೇ ನೋಡಿದ್ದು. ಕಾಣುವುದು ಕಪ್ಪು ಬೆನ್ನು, ತೆರೆದ ಬಾಯಿ. ಬದಿಯಿಂದ ನೋಡಿದ್ದೇನಿದ್ದರೂ ಬುಟ್ಟಿಯಲ್ಲಿ, ಸತ್ತ ಮೇಲೆ. ಮೀನು ತಿರುಗುವಾಗ ಎದೆಯ ರೆಕ್ಕೆ ಒಂದನ್ನೇ ಹೇಗೆ ಬಿಚ್ಚುತ್ತದೆ, ಸುಮ್ನೆ ನಿಂತಿರುವಾಗಲೂ ಬಾಲ ಹೇಗೆ ಒಂದೇ ಸಮನೆ ಆಡುತ್ತಿರುತ್ತದೆ, ಇದನ್ನೆಲ್ಲ ಈ ವಯಸ್ಸಿನಲ್ಲಿ ಒಂದು ಮಾಲ್‌ನಲ್ಲಿ ನಿಂತು ನೋಡಿದೆ. ಇಂಥ ದೊಡ್ಡ ಅಕ್ವೇರಿಯಂನಿಂದ ಆಗುವ ಉಪಯೋಗ ಇದೇ ಅಂತ ನನಗನ್ನಿಸಿತು. ಮಿಕ್ಕಿದ್ದು ಜಾತ್ರೆ.

ಜಾತ್ರೆಯನ್ನೂ ನೋಡಿದೆವು ಅನ್ನಿ. ಸುರಂಗ 48 ಮೀಟರ್ ಉದ್ದ. ತಲೆಯ ಮೇಲೂ ಪಕ್ಕದಲ್ಲೂ ನೀರು. ಮಜಾ ಏನೆಂದರೆ, ಹೊರಗಿನ ಚಪ್ಪಟೆ ಹಲಗೆಯಿಂದ ನೋಡಿದರೆ ಮೀನು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಸುರಂಗದ ಬಾಗಿದ ಗೋಡೆಯಿಂದ ನೋಡಿದರೆ ಅದೇ ಮೀನು ಸಣ್ಣದು. ಇಲ್ಲಿ ಜಾಸ್ತಿ ಇರುವುದು ಸ್ಯಾಂಡ್ ಟೈಗರ್ ಶಾರ್ಕ್. ಬಾಯಿ ಮುಚ್ಚಿದರೂ ಹಲ್ಲು ಹೊರಗೇ ಇರುತ್ತದೆ, ನೋಡಿದರೆ ಭಯ. ಸ್ವಭಾವ ಮಾತ್ರ ನಿಧಾನ. ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯಲ್ಲಿ ಇಟ್ಟುಕೊಂಡು ನೀರಿನ ಮಧ್ಯೆ ತೇಲುತ್ತಾ ನಿಲ್ಲುತ್ತದೆ. ಇದರ ಮರಿಗಳು ಹುಟ್ಟುವ ಮೊದಲೇ, ತಾಯಿ ಹೊಟ್ಟೆಯಲ್ಲೇ ಒಡಹುಟ್ಟಿದವರನ್ನು ತಿಂದು, ಕೊನೆಗೆ ಎರಡೇ ಮರಿ ಹೊರಗೆ ಬರುತ್ತವೆ. ಇದನ್ನು ಸ್ಕೂಲಿನಲ್ಲಿ ಕಲಿತಿದ್ದ ಮಗು ಅಜ್ಜಿಗೆ ವಿವರವಾಗಿ ಹೇಳಿತು. ಅತ್ತೆ "ಥೂ" ಅಂದು ಬೇಗ ಬೇಗ ಹೆಜ್ಜೆ ಹಾಕಿದರು.

ಮೇಲಿನ ಝೂನಲ್ಲಿ ಐದು ಮೀಟರ್‌ಗಿಂತ ಉದ್ದದ ಉಪ್ಪುನೀರಿನ ಮೊಸಳೆ ಇತ್ತು. ಜೆಂಟೂ ಪೆಂಗ್ವಿನ್‌ಗಳೂ ಇದ್ದವು. ಹೊರಗೆ ಮರಳುಗಾಡಿನ ಬಿಸಿಲು, ಒಳಗೆ ಅಂಟಾರ್ಕ್ಟಿಕಾದ ಹಕ್ಕಿ. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ದುಡ್ಡು ಕೊಟ್ಟದ್ದರಲ್ಲಿ ನನಗೆ ಇಷ್ಟವಾದದ್ದು ತಳಕ್ಕೆ ಗಾಜು ಹಾಕಿದ ದೋಣಿ. ಅದು ತೊಟ್ಟಿಯ ಮೇಲ್ಭಾಗದಲ್ಲಿ ಸುತ್ತುತ್ತದೆ. ಕೆಳಗಿನಿಂದ ಸಮುದ್ರ ಅನ್ನಿಸುವ ಜಾಗ ಮೇಲಿನಿಂದ ನೋಡಿದರೆ ಒಂದು ಕಾರ್ಖಾನೆ. ಪೈಪು, ದೊಡ್ಡ ದೊಡ್ಡ ದೀಪ, ಕಬ್ಬಿಣದ ಏಣಿ. ಅಲ್ಲಿದ್ದ ಹುಡುಗ ಕಣ್ಣೂರಿನವನು. ತೋಟ ಮಾಡಿದವರಿಗೆ ನಮ್ಮಲ್ಲಿ ಅಷ್ಟಿಷ್ಟು ಮಲಯಾಳಂ ಬಂದೇ ಬರುತ್ತದೆ, ಮಾವ ಶುರು ಮಾಡಿದರು. ಶಾರ್ಕ್ ಪಕ್ಕದ ಮೀನನ್ನು ಯಾಕೆ ತಿನ್ನಲ್ಲ? ಹೊಟ್ಟೆ ತುಂಬ ಹಾಕ್ತೀವಲ್ಲ, ಅದಕ್ಕೆ. ಏನು ಹಾಕ್ತೀರಿ? ಬಂಗುಡೆ ಥರದ್ದು, ಬೊಂಡಾಸ್ (ಸ್ಕ್ವಿಡ್). ಕೊನೆಗೆ, ನಾನು ಕಾಯುತ್ತಿದ್ದ ಪ್ರಶ್ನೆ: "ಕರೆಂಟ್ ಹೋದ್ರೆ?"

ಜುಲೈ-ಆಗಸ್ಟ್‌ನ ಆಟಿ ಮಳೆಯಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದೆ ಕೂತವರು ಕೇಳುವ ಪ್ರಶ್ನೆ ಅದು. ಜನರೇಟರ್ ಇದೆ ಅಂತ ಹುಡುಗ ಹೇಳಿದ. ಪಂಪು ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ, ಮೀನುಗಳ ಮೈಯಿಂದ ಹೊರಬೀಳುವ ಅಮೋನಿಯಾ ಏರುತ್ತದೆ. ಅದನ್ನು ತಿಂದು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನ ಒಳಗೇ ಬದುಕಿರುವುದು, ಅವಕ್ಕೂ ಹರಿಯುವ ನೀರು ಬೇಕು. ಮಾವ ತಲೆಯಾಡಿಸಿದರು. "ಹೊಳೆಗೆ ಇದ್ಯಾವುದೂ ಖರ್ಚಿಲ್ಲ" ಅಂತ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

ಕೆಳಗೆ ಬಂದು ಮತ್ತೆ ಆ ಹಲಗೆಯ ಎದುರು ಕೂತೆವು. ಮಗು ಕೇಳಿತು, "ಅಜ್ಜ, ನಮ್ಮೂರ ಹೊಳೇಲಿ ಶಾರ್ಕ್ ಇದೆಯಾ?"

ಮಾವನಿಗೆ ಅಷ್ಟು ಸಾಕಾಯಿತು. ಮಹಶೀರ್ ಅನ್ನುವ ದೊಡ್ಡ ಹೊಳೆ ಮೀನಿನ ಕಥೆ ಶುರುವಾಯಿತು. ಬೆನ್ನ ಮೇಲೆ ಗೂನು ಇರುವ ಮಹಶೀರ್ ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅನ್ನುವವರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ಇತ್ತು, ಅಂದರೆ 54 ಕೆಜಿ. ಈಗ ಅದು ಅಳಿವಿನ ಅಂಚಿಗೆ ಬಂದಿದೆ. 2018ರಿಂದ ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

"ಅದನ್ನ ಯಾಕೆ ಇಲ್ಲಿ ಇಟ್ಟಿಲ್ಲ?"

"ಉಪ್ಪು ನೀರಲ್ಲಿ ಬದುಕಲ್ಲ ಪುಟ್ಟಿ. ರಜದಲ್ಲಿ ಬಾ, ಕಾವೇರಿ ದಂಡೆಯ ವಾಲ್ನೂರಿಗೆ ಕರ್ಕೊಂಡು ಹೋಗ್ತೀನಿ, ಅಲ್ಲಿ ಮಹಶೀರ್ ಇದೆ."

"ಅಲ್ಲೇನು ಕಾಣುತ್ತೆ? ನೀರು, ಕಲ್ಲು" ಅಂದರು ಅತ್ತೆ, ಚಪ್ಪಲಿ ಬಿಚ್ಚಿ ಕಾಲು ನೀವಿಕೊಳ್ಳುತ್ತಾ. "ನೀವು ನನ್ನನ್ನ ಎರಡು ಸಲ ಕರ್ಕೊಂಡು ಹೋಗಿದ್ದೀರಲ್ಲ, ಏನು ತೋರಿಸಿದ್ರಿ?"

"ಸುಮ್ನೆ ಕೂತಿದ್ದಿದ್ರೆ ತೋರಿಸ್ತಿದ್ದೆ" ಅಂದರು ಮಾವ.