ಹೆಬ್ಬೆರಳು ಒಳಗೋ, ಹೊರಗೋ

ಲ್ಯೂಟ್ (ಗಿಟಾರ್‌ನಂತೆ ಮೀಟುವ ಯುರೋಪಿನ ಹಳೆಯ ತಂತಿವಾದ್ಯ) ಕೈಗೆತ್ತಿಕೊಂಡಿದ್ದೀನಿ ಅಂದ ತಕ್ಷಣ ಗಿಟಾರ್ ಗೆಳೆಯರು ಕೇಳೋದು ಒಂದೇ ಪ್ರಶ್ನೆ: ಉಗುರು ಕತ್ತರಿಸಿದ್ಯಾ? ಕತ್ತರಿಸಿದೆ. ತಂತಿಗಳು ಜೋಡಿಜೋಡಿಯಾಗಿರುತ್ತವೆ, ಉದ್ದ ಉಗುರು ಒಂದನ್ನು ಹಿಡಿದು ಇನ್ನೊಂದನ್ನು ತಪ್ಪಿಸಿಬಿಡುತ್ತೆ. ಅದು ಒಂದು ನಿಮಿಷದ ಕೆಲಸ. ಹೆಬ್ಬೆರಳು ಮಾತ್ರ ತಿಂಗಳುಗಟ್ಟಲೆ ಕಾಡಿತು.

15ನೇ ಶತಮಾನದಲ್ಲಿ ಬಹುಕಾಲ ಲ್ಯೂಟನ್ನು ಗರಿಯಿಂದ ಮೀಟುತ್ತಿದ್ದರು. ಆಮೇಲೆ ಗರಿ ಹೋಯಿತು, ಗರಿ ಹಿಡಿದ ಕೈಯ ಓಲಾಟ ಉಳಿಯಿತು. ಮುಂಗೈ ತಂತಿಗಳ ಗುಂಟ ಮಲಗಿದ ಹಾಗೆ, ಕಿರುಬೆರಳು ಹಲಗೆಯ ಮೇಲೆ ಊರಿ (ನನಗೆ ಗಿಟಾರ್ ಕಲಿಸಿದ ಮೇಷ್ಟ್ರು ನೋಡಿದ್ದರೆ ಗದರುತ್ತಿದ್ದರು), ಹೆಬ್ಬೆರಳು ಅಂಗೈಯೊಳಕ್ಕೆ ನುಸುಳುತ್ತಾ ಕೆಳಕ್ಕೆ ಮೀಟುತ್ತೆ, ತೋರುಬೆರಳು ಮೇಲಕ್ಕೆ. 1507ರಲ್ಲಿ ವೆನಿಸ್‌ನಲ್ಲಿ ಪೆಟ್ರುಚ್ಚಿ ಅಚ್ಚುಮಾಡಿದ, ಲ್ಯೂಟ್ ವಾದಕ ಸ್ಪಿನಾಚಿನೋನ ಸಂಗ್ರಹದಲ್ಲೇ ಇದಕ್ಕೆ ಗುರುತಿದೆ: ತಂತಿಯನ್ನು ಎಲ್ಲಿ ಒತ್ತಬೇಕೆಂದು ಹೇಳುವ ಅಂಕಿಯ ಕೆಳಗೆ ಚುಕ್ಕೆ ಇದ್ದರೆ ಮೇಲಕ್ಕೆ, ಇಲ್ಲದಿದ್ದರೆ ಕೆಳಕ್ಕೆ.

ಗಿಟಾರ್‌ನಲ್ಲಿ ತೋರುಬೆರಳು, ನಡುಬೆರಳು ಎರಡರ ದನಿಯೂ ಸಮ ಬರಲಿ ಅಂತ ವರ್ಷಗಟ್ಟಲೆ ತಿದ್ದಿಕೊಂಡಿರುತ್ತೇವೆ. ಇಲ್ಲಿ ಸಮ ಬಂದರೆ ಸಂಗೀತವೇ ಸಪ್ಪೆ. ಹೆಬ್ಬೆರಳಿನ ಏಟು ಭಾರ, ತೋರುಬೆರಳಿನದು ಹಗುರ. ವೇಗದ ಸ್ವರಸಾಲು ಈ ಏರಿಳಿತದಿಂದಲೇ ಹೆಜ್ಜೆ ಹಾಕುತ್ತೆ. ಬೆರಳಿಗಿಂತ ಮುಂಗೈ ಹೆಚ್ಚು ದುಡಿಯುತ್ತೆ ಅನ್ನೋದು ಕೈಗೆ ಅರ್ಥವಾಗೋವರೆಗೆ ನನ್ನ ಹೆಬ್ಬೆರಳು ತೋರುಬೆರಳಿಗೆ ಢಿಕ್ಕಿ ಹೊಡೆಯುತ್ತಲೇ ಇತ್ತು.

1600ರ ಆಸುಪಾಸಿಗೆ ಮಂದ್ರದ ತಂತಿಗಳು ಹೆಚ್ಚಾದವು. ಅಷ್ಟು ದೂರ ಚಾಚಬೇಕಾದ ಹೆಬ್ಬೆರಳು ಅಂಗೈಯೊಳಗೆ ಅಡಗಿ ಕೂರೋದು ಹೇಗೆ? 1603ರಲ್ಲಿ ಲ್ಯೂಟ್ ವಾದಕ ಬೆಸಾರ್ ಅದನ್ನು ಹೊರಗೆ ಚಾಚಿ ಅಂತ ಬರೆದ. ಸ್ಪೇನ್‌ನಲ್ಲಂತೂ 1557ರಲ್ಲೇ ಎರಡೂ ಬಗೆ ಗೊತ್ತಿದ್ದವು. ಹೊರಗಿಟ್ಟರೆ ಕ್ಯಾಸ್ಟಿಲಿಯನ್, ಅಂದರೆ ಅವರದೇ ನಾಡಿನದು, ಒಳಗಿಟ್ಟರೆ ಪರದೇಶಿ!

ಉಗುರಿನ ಜಗಳವೂ ಹಳೆಯದೇ. 1623ರಲ್ಲಿ ಇಟಲಿಯ ಲ್ಯೂಟ್ ವಾದಕ ಪಿಚ್ಚಿನೀನಿ ಉಗುರು ಬೇಕೆಂದ, 1676ರಲ್ಲಿ ಇಂಗ್ಲೆಂಡಿನ ಥಾಮಸ್ ಮೇಸ್ ಬೇಡವೆಂದ. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಉಗುರಿಲ್ಲದ ಸೋರ್, ಉಗುರಿನ ಅಗ್ವಾಡೊ ಇಬ್ಬರೂ ಜೊತೆಗೂಡಿ ಗಿಟಾರ್ ನುಡಿಸಿದರು. ಅಷ್ಟರ ಮೇಲೂ ನಾವು ಕಚ್ಚಾಡುತ್ತಿದ್ದೇವೆ. ಐದು ಜೋಡಿಯ ಬರೋಕ್ ಗಿಟಾರ್‌ಗೆ ಬಂದರೆ ಬಾರಿಸುವ ಕೈಯೇ ಬೇರೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಸದ್ಯಕ್ಕೆ ನನ್ನ ಕ್ರಮ ಇದು: 16ನೇ ಶತಮಾನದ್ದಕ್ಕೆ ಒಳಗೆ, ನಂತರದ್ದಕ್ಕೆ ಹೊರಗೆ. ಎರಡೂ ಶತಮಾನಗಳಲ್ಲಿ ಬಾಳಿದ ಇಂಗ್ಲಿಷ್ ಲ್ಯೂಟ್ ವಾದಕ ಜಾನ್ ಡೌಲೆಂಡ್‌ನ ಕೃತಿ ಬಂದಾಗ ಪೇಚು. ಮೊದಲು ಒಳಗಿಟ್ಟು ನುಡಿಸುತ್ತಿದ್ದವನು ಆಮೇಲೆ ಹೊರಗಿಟ್ಟ ಅಂತ 17ನೇ ಶತಮಾನದ ಒಂದು ಹಸ್ತಪ್ರತಿ ಹೇಳುತ್ತೆ. ಹಾಗಾಗಿ ಅವನ ಓಟದ ಸಾಲುಗಳಿಗೆ ಹೆಬ್ಬೆರಳನ್ನು ಒಳಗೆಳೆದುಕೊಳ್ಳುತ್ತೇನೆ, ಮಂದ್ರ ತಂತಿ ಪದೇ ಪದೇ ಕರೆದರೆ ಹೊರಗೆ ಬಿಡುತ್ತೇನೆ. ಮಡಿವಂತರು ಒಪ್ಪಲಿಕ್ಕಿಲ್ಲ.