ಆ್ಯನ್ ಆರ್ಬರಿನ ಹಳೆಯ ಮೈದಾನ

‘ಆ್ಯನ್ ಆರ್ಬರ್ ಅಂತ ಊರು ಅಪ್ಪಾ, ಅಮೆರಿಕದ ಮಿಷಿಗನ್‌ನಲ್ಲಿದೆ’ ಎಂದು ಕೆಲಸ ಸಿಕ್ಕಿದ ದಿನ ಮಗಳು ಹೇಳಿದಾಗ, ಮನೆಯಲ್ಲಿ ಆ ಹೆಸರು ಗೊತ್ತಿದ್ದದ್ದು ನನಗೊಬ್ಬನಿಗೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ. ಮಳೆ ಬಂದು ಮೈದಾನ ಕೆಸರಾದ ದಿನಗಳಲ್ಲಿ ಹುಡುಗರನ್ನು ಕೋಣೆಯಲ್ಲಿ ಕೂರಿಸಿ ಅಮೆರಿಕದ ಓಟಗಾರ ಜೆಸ್ಸಿ ಓವೆನ್ಸ್ ಕಥೆ ಹೇಳುತ್ತಿದ್ದೆ. ಆಗೆಲ್ಲ ಈ ಊರಿನ ಹೆಸರನ್ನು ಬೋರ್ಡಿನ ಮೇಲೆ ಬರೆದಿದ್ದೇನೆ.

ಕಳೆದ ಅಕ್ಟೋಬರಿನಲ್ಲಿ ಅಲ್ಲಿಗೆ ಹೋದಾಗ ಅಳಿಯ ಮೊದಲು ಕರೆದೊಯ್ದದ್ದು ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್ಬಾಲ್ ಕ್ರೀಡಾಂಗಣಕ್ಕೆ. ಊರವರು ಅದನ್ನು ಕರೆಯುವುದೇ ‘ಬಿಗ್ ಹೌಸ್’ ಎಂದು. 1927ರಲ್ಲಿ ಶುರುವಾದದ್ದು, ಈಗ 1,07,601 ಜನ ಕೂರಬಹುದು. ಮೆಟ್ಟಿಲು ಹತ್ತಬೇಕಾದೀತೆಂದು ಮಂಡಿಯ ಚಿಂತೆಯಲ್ಲಿದ್ದೆ. ಆದರೆ ಗೇಟು ದಾಟಿದ ಕೂಡಲೇ ಕಾಲಡಿಯಲ್ಲೇ ಹಳ್ಳದಂತೆ ಮೈದಾನ! ಬಹುಪಾಲು ಆಸನಗಳು ನೆಲಮಟ್ಟದ ಕೆಳಗಿವೆ. ನನಗೆ ಮೇಲುಕೋಟೆಯ ಕಲ್ಯಾಣಿಯ ನೆನಪಾಯಿತು. ಅಲ್ಲಿ ನೀರಿನ ಕಡೆಗೆ ಇಳಿದ ಹಾಗೆ ಇಲ್ಲಿ ಸಾಲುಸಾಲು ಬೆಂಚುಗಳ ನಡುವೆ ಆಟದ ಕಡೆಗೆ ಇಳಿದೆವು. ಸುತ್ತಲೂ ತಂಡದ ಬಣ್ಣಗಳಾದ ಮೆಕ್ಕೆಜೋಳದ ಹಳದಿ, ಕಡುನೀಲಿ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನಾನು ಹೊಸಬನೆಂದು ತಿಳಿದು ತನ್ನ ಕಂಬಳಿಯ ಒಂದು ತುದಿಯನ್ನು ನನ್ನ ಮೊಣಕಾಲಿಗೂ ಹೊದಿಸಿದರು. ಕಾಲೇಜು ಹುಡುಗರ ಆಟಕ್ಕೆ ಲಕ್ಷ ಜನ ಬಂದು ಕೂರುತ್ತಾರೆಂದರೆ, ಅದನ್ನು ನಮ್ಮ ಹುಡುಗರಿಗೆ ತೋರಿಸಬೇಕಿತ್ತು ಅನ್ನಿಸಿತು.

ಆದರೂ ನನ್ನ ಮನಸ್ಸು ಫೆರ್ರಿ ಫೀಲ್ಡಿನ ಮೇಲಿತ್ತು. ಬಿಗ್ ಹೌಸ್ ಕಟ್ಟುವ ಮುಂಚೆ ಫುಟ್ಬಾಲ್ ನಡೆಯುತ್ತಿದ್ದದ್ದು ಅಲ್ಲೇ. ಮಾರನೆಯ ಬೆಳಿಗ್ಗೆ ಒಬ್ಬನೇ ನಡೆದು ಹೋದೆ. ಹಳೆಯ ಇಟ್ಟಿಗೆಯ ದ್ವಾರ, ಒಂದು ಸ್ಮರಣ ಫಲಕ, ಹುಲ್ಲು. ಜನವೇ ಇರಲಿಲ್ಲ.

1935ರ ಮೇ 25ರಂದು, ಬೆನ್ನುನೋವಿನಿಂದ ಬಗ್ಗಲೂ ಆಗದಿದ್ದ ಓವೆನ್ಸ್ ಇಲ್ಲಿ ಓಟಕ್ಕೆ ನಿಂತ. ಮುಕ್ಕಾಲು ಗಂಟೆಯೊಳಗೆ ಮೂರು ವಿಶ್ವದಾಖಲೆ ಮುರಿದು ಇನ್ನೊಂದನ್ನು ಸರಿಗಟ್ಟಿದ. ನೂರು ಗಜ 9.4 ಸೆಕೆಂಡು. ಉದ್ದಜಿಗಿತದಲ್ಲಿ ಹಾರಿದ್ದು ಒಂದೇ ಸಲ, 8.13 ಮೀಟರ್, 25 ವರ್ಷ ಅದನ್ನು ಯಾರೂ ಮೀರಲಿಲ್ಲ. ಅವನು ಈ ಊರಿನ ಕಾಲೇಜಿನವನೂ ಅಲ್ಲ. ಮಿಷಿಗನ್ನಿನವರ ಕಡುಎದುರಾಳಿ ಒಹಾಯೊ ಸ್ಟೇಟಿನ ವಿದ್ಯಾರ್ಥಿ. ಅಲ್ಲಿ ಅವನಿಗೆ ಸ್ಕಾಲರ್‌ಶಿಪ್ ಇರಲಿಲ್ಲ. ಕಪ್ಪು ಹುಡುಗನೆಂದು ಕ್ಯಾಂಪಸ್ಸಿನೊಳಗೆ ವಾಸಕ್ಕೂ ಬಿಟ್ಟಿರಲಿಲ್ಲ. ಈ ಮಾತು ಹೇಳುವಾಗ ತರಗತಿಯಲ್ಲಿ ಪ್ರತಿಸಲವೂ ನನ್ನ ಗಂಟಲು ಕಟ್ಟುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ತಲೆ ಎತ್ತಿ ನೋಡುತ್ತಿದ್ದರು. ಹಾಸ್ಟೆಲಿನಲ್ಲಿ ಜಾಗ ಸಿಗದ ಕಷ್ಟ ಅವರಲ್ಲಿ ಕೆಲವರಿಗೆ ಗೊತ್ತಿತ್ತು.

ಅವನು ಹಾರಿದ ಗುಂಡಿ ಯಾವ ಮೂಲೆಯಲ್ಲಿತ್ತೋ, ಸಿಕ್ಕ ಹುಲ್ಲಿನಲ್ಲೇ ಹೆಜ್ಜೆ ಹಾಕಿ ಅಳೆದೆ. ಸುಣ್ಣದ ಪುಡಿಯಲ್ಲಿ ಟ್ರ್ಯಾಕು ಎಳೆದು ಎಳೆದು ನನ್ನ ಹೆಜ್ಜೆಯ ಅಳತೆ ನನಗೆ ಬಾಯಿಪಾಠ. ನಮ್ಮ ಹುಡುಗನೊಬ್ಬ ಐದೂವರೆ ಮೀಟರ್ ದಾಟಿದ ದಿನ ಊರೆಲ್ಲ ಸಿಹಿ ಹಂಚಿದ್ದೆ. ಅದು ಎಂಟು ಹೆಜ್ಜೆ. ಅಲ್ಲಿ ಒಂದು ಕ್ಷಣ ನಿಂತೆ. ಆಮೇಲೆ ಇನ್ನೂ ನಾಲ್ಕು ಹೆಜ್ಜೆ ಹಾಕಿ, ಹನ್ನೆರಡನೆಯದರ ತುದಿಯಲ್ಲಿ ಒಂದು ಒಣ ಮೇಪಲ್ ಎಲೆ ಇಟ್ಟು, ಹಿಂದಿರುಗಿ ನೋಡಿದೆ.